ಬಚ್ಚಲಲ್ಲಿ ಚಿಟ್ಟೆಯಂಥ ಸಣ್ಣ ನೊಣ, ಏನು ಸುರಿದರೂ ಹೋಗುತ್ತಿಲ್ಲ

ಮೂರನೇಮಹಡಿ:
ಎರಡು ತಿಂಗಳಿಂದ ಇದೇ ಗೋಳು. ಬಚ್ಚಲ ಟೈಲ್ಸ್ ಮೇಲೆ ಬೂದು ಬಣ್ಣದ ನೊಣ, ಎಳ್ಳಿಗಿಂತ ಸ್ವಲ್ಪ ದೊಡ್ಡದು. ಹೊಡೆದರೆ ಗೋಡೆಗೆ ಬೂದಿಯಂಥ ಕಲೆ. ಬಿಸಿನೀರು, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಎಲ್ಲ ಆಯಿತು. ಎರಡು ದಿನ ಕಾಣುವುದಿಲ್ಲ, ಮತ್ತೆ ಹಾಜರ್. ಕಚ್ಚುತ್ತಾ ಇದು? ಮನೆಯಲ್ಲಿ ಮಗು ಇದೆ.

ಹಿತ್ತಲಬಾವಿ:
ಕಚ್ಚುವುದಿಲ್ಲ, ಹೆದರಬೇಡಿ. ಕಚ್ಚಿ ಕಾಲಾ ಅಜಾರ್ ಎಂಬ ಜ್ವರ ಹರಡುವ ಮರಳುನೊಣ ಇದರ ದಾಯಾದಿ ಅಷ್ಟೇ. ನಿಮ್ಮದು ಡ್ರೈನ್ ನೊಣ. ಮೈತುಂಬ ಕೂದಲು, ಅದಕ್ಕೇ ಆ ಬೂದಿ.

ನೀವು ಹೊಡೆಯುತ್ತಿರುವುದು ದೊಡ್ಡವನ್ನು. ಮರಿಗಳು ಪೈಪಿನ ಒಳಗೋಡೆಯ ಲೋಳೆಯಲ್ಲಿ ಹೂತುಕೊಂಡಿರುತ್ತವೆ. ಬಾಲದ ತುದಿಯ ಕೊಳವೆಯನ್ನು ಮೇಲೆ ಚಾಚಿ ಉಸಿರಾಡುತ್ತವೆ. ಸುರಿದ ನೀರು ಲೋಳೆಯ ಮೇಲೆ ಜಾರಿಹೋಗುತ್ತದೆ, ಒಳಗಿರುವವಕ್ಕೆ ಏನೂ ಆಗುವುದಿಲ್ಲ. ಮೊಟ್ಟೆ ಸುಮಾರು ಎರಡು ದಿನಕ್ಕೆ ಒಡೆಯುತ್ತದೆ, ಒಂದೆರಡು ವಾರದಲ್ಲಿ ಹೊಸ ನೊಣ. ಹಾಗಾಗಿ ಲೋಳೆಯನ್ನೇ ಉಜ್ಜಿ ತೆಗೆಯಬೇಕು.

ಮೊದಲು ಯಾವ ಜಾಲಿಯಿಂದ (ನೀರು ಹೋಗುವ ಕಿಂಡಿಯ ತೂತುಮುಚ್ಚಳ) ಬರುತ್ತಿವೆ ಅಂತ ಪತ್ತೆ ಮಾಡಿ. ರಾತ್ರಿ ಒಂದೊಂದು ಜಾಲಿಗೂ ಅಗಲವಾದ ಟೇಪನ್ನು ಅಂಟಿನ ಕಡೆ ಕೆಳಗೆ ಬರುವ ಹಾಗೆ ಹಾಕಿ. ಪಕ್ಕದಲ್ಲಿ ಸ್ವಲ್ಪ ಗಾಳಿ ಆಡಲಿ. ಇನ್ನೊಂದು ಮಾತು, ಆಸಿಡ್ಡನ್ನೂ ಬ್ಲೀಚನ್ನೂ ಒಟ್ಟಿಗೆ ಸುರಿಯಲೇಬೇಡಿ. ಕ್ಲೋರಿನ್ ಅನಿಲ ಏಳುತ್ತದೆ.

ಮೂರನೇಮಹಡಿ:
ನಾಲ್ಕು ರಾತ್ರಿ ಹಾಕಿದೆ. ಬಚ್ಚಲ ಟೇಪಿನಲ್ಲಿ ಒಂದೂ ಇಲ್ಲ! ಯುಟಿಲಿಟಿಯಲ್ಲಿ ವಾಷಿಂಗ್ ಮಷೀನಿನ ನೀರು ಬೀಳುವ ಜಾಲಿಯಲ್ಲಿ ಹನ್ನೊಂದು. ಎರಡು ತಿಂಗಳು ಸುಮ್ನೆ ಬಚ್ಚಲು ತಿಕ್ಕಿದೆನಲ್ಲ.

ಹಿತ್ತಲಬಾವಿ:
ಬಟ್ಟೆಯ ನೂಲು, ಸೋಪಿನ ಜಿಡ್ಡು, ಅವಕ್ಕೆ ಹಬ್ಬದೂಟ. ಜಾಲಿಯ ಕೆಳಗೆ ನೀರು ನಿಂತು ಪೈಪಿನ ಹುಳ, ವಾಸನೆ ತಡೆಯುವ ನಹಾನಿ ಟ್ರ್ಯಾಪ್ ಇರುತ್ತದೆ. ಅದರ ಬಟ್ಟಲು ಬಿಚ್ಚಿ, ಅದರ ಅಡಿಭಾಗವನ್ನೂ ಉಜ್ಜಿ. ಪೈಪಿಗೆ ಬಾಟಲಿ ತೊಳೆಯುವ ಉದ್ದ ಬ್ರಷ್ ಸಾಕು. ಆಮೇಲೂ ಒಂದೆರಡು ವಾರ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಈಗಾಗಲೇ ಹೊರಬಂದವು ಅಷ್ಟು ದಿನ ಬದುಕುತ್ತವೆ.

ಕೆಂಪುಟೈಲ್ಸ್:
ನಮ್ಮಲ್ಲಿ ಬಂದದ್ದು ಯಾರೂ ಬಳಸದ ಅತಿಥಿ ಕೋಣೆಯ ಬಚ್ಚಲಿಂದ. ಟ್ರ್ಯಾಪಿನ ನೀರು ಒಣಗಿ ಒಳಗಿನ ಪೈಪಿನ ನೊಣವೆಲ್ಲ ಮೇಲೆ ಬರುತ್ತಿತ್ತು. ಈಗ ವಾರಕ್ಕೊಂದು ಚೊಂಬು ನೀರು ಹಾಕುತ್ತೇನೆ.

ಮೂರನೇಮಹಡಿ:
ಬಟ್ಟಲು ಬಿಚ್ಚಿದೆ. ಅಡಿಯಲ್ಲಿ ಬೆರಳು ದಪ್ಪ ಕಪ್ಪು ಲೋಳೆ, ಅದರೊಳಗೆ ದಾರದ ಚೂರಿನಂಥವು ಮಿಸುಕಾಡುತ್ತಿದ್ದವು. ಉಜ್ಜಿ ಇವತ್ತಿಗೆ ಹದಿನಾರು ದಿನ. ನಿನ್ನೆ ಒಂದೇ ಒಂದು ಕಂಡಿತು.