ಹಳ್ಳದ ನೀರು ತಿಳಿಯಾಗಿದೆ, ಮೀನು ಮಾತ್ರ ಇಲ್ಲ. ಹಳ್ಳ ಚೆನ್ನಾಗಿದೆಯೋ ಇಲ್ಲವೋ ನೋಡುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ)

ನಮ್ಮ ತೋಟದ ಅಂಚಿಗೆ ಒಂದು ಸಣ್ಣ ಹಳ್ಳ ಇದೆ. ಎರಡು ಮಾರು ಅಗಲ ಅಷ್ಟೇ. ಕೆಳಗೆ ಹೋಗಿ ತುಂಗೆಗೆ ಸೇರುತ್ತದೆ. ನಾನು ಚಿಕ್ಕವಳಿದ್ದಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ಸಣ್ಣ ಮೀನುಗಳು ಬಂದು ಕಚಗುಳಿ ಇಡುತ್ತಿದ್ದವು. ಮೊನ್ನೆ ಅದೇ ಕಲ್ಲಿನ ಮೇಲೆ ಮಗಳನ್ನು ಕೂರಿಸಿದೆ. ಅರ್ಧ ಗಂಟೆ ಕಾದರೂ ಒಂದೂ ಬರಲಿಲ್ಲ. ಅವಳ ಮುಖ ನೋಡಿ ನನಗೇ ಬೇಜಾರಾಯಿತು.

ನೀರು ತಿಳಿಯಾಗಿದೆ, ವಾಸನೆ ಇಲ್ಲ. ಟಿಡಿಎಸ್ ಮೀಟರ್ ಅದ್ದಿದರೆ 42 ತೋರಿಸಿತು. ಅಂದರೆ ಒಳ್ಳೆ ನೀರು ಅಲ್ವಾ? ನಮ್ಮಿಂದ ಸ್ವಲ್ಪ ಮೇಲೆ ಹೋದ ವರ್ಷ ಹೊಸ ಮೋರಿ (ಸಣ್ಣ ಸೇತುವೆ) ಕಟ್ಟಿದರು. ಅದಕ್ಕೂ ಮೇಲಿನ ಒಂದು ತೋಟದವರು ಬೋರ್ಡೋ (ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಬ್ಯಾರಲ್‌ಗಳನ್ನು ಹಳ್ಳದಲ್ಲೇ ತೊಳೆಯುತ್ತಾರೆ. ಯಾವುದರಿಂದ ಹೀಗಾಗಿದೆ ಅಂತ ತಿಳಿಯುವುದು ಹೇಗೆ?

ಉತ್ತರ (ಸಾಗರದಿಂದ)

ಲ್ಯಾಬ್‌ಗೆ ಕೊಡಿ. ಕರಗಿದ ಆಮ್ಲಜನಕ, ಪಿಎಚ್, ಬಿಒಡಿ (ನೀರಿನ ಕೊಳೆ ಕರಗಲು ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ) ಮೂರನ್ನೂ ಕೇಳಿ. ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿದ್ದರೆ ಮೀನಿಗೆ ಕಷ್ಟ.

ಉತ್ತರ (ಕೊಪ್ಪದಿಂದ, ನಿವೃತ್ತ ವಿಜ್ಞಾನ ಮೇಷ್ಟ್ರು)

ಅಮ್ಮಾ, ಮೊದಲು ಆ ಮೀಟರ್ ಪಕ್ಕಕ್ಕಿಡಿ. ಅದು ನೀರಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ಮಾತ್ರ ಹೇಳುತ್ತದೆ. ಮಲೆನಾಡಿನ ಹಳ್ಳಗಳಲ್ಲಿ ಆ ಸಂಖ್ಯೆ ಯಾವಾಗಲೂ ಕಡಿಮೆಯೇ. ಹುಳವನ್ನು ಕೊಲ್ಲುವಷ್ಟು ಮೈಲುತುತ್ತ ನೀರಿಗೆ ಸೇರಿದರೂ ಮೀಟರ್ ಅಲುಗುವುದಿಲ್ಲ. ಲ್ಯಾಬಿನ ಪರೀಕ್ಷೆ ಬೇಡ ಅನ್ನುತ್ತಿಲ್ಲ. ಆದರೆ ಅದು ನೀವು ಬಾಟಲಿ ತುಂಬಿದ ಆ ಗಳಿಗೆಯ ಲೆಕ್ಕ. ಕಲ್ಲಿನ ಅಡಿಯ ಹುಳ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಹಳ್ಳಕ್ಕೆ ಏನೇನು ಬಂತೋ ಎಲ್ಲವನ್ನೂ ಅದು ಅನುಭವಿಸಿರುತ್ತದೆ.

ನಮ್ಮ ಮನೆಯ ಹಳ್ಳದಲ್ಲಿ ನಾನು ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನೋಡುತ್ತೇನೆ. ಮಳೆಗಾಲದ ನೆರೆಯಲ್ಲಿ ನೋಡಿ ಪ್ರಯೋಜನ ಇಲ್ಲ, ಎಲ್ಲ ಕೊಚ್ಚಿಹೋಗಿರುತ್ತದೆ. ಒಂದು ಬಿಳಿ ಬೇಸಿನ್, ಒಂದು ತುಂಡು ಸೊಳ್ಳೆಪರದೆ ಸಾಕು. ನೀರು ಜುಳುಜುಳು ಹರಿಯುವ ಕಡೆ ಪರದೆಯನ್ನು ಕೆಳಗೆ ಹಿಡಿದು, ಮೇಲಿನ ಕಲ್ಲುಗಳನ್ನು ಒಂದು ನಿಮಿಷ ಕಾಲಲ್ಲಿ ಕೆದಕಿ. ಪರದೆಗೆ ಸಿಕ್ಕಿದ್ದನ್ನು ಬೇಸಿನ್ನಿಗೆ ಸುರಿದು ಸುಮ್ನೆ ಕೂತು ನೋಡಿ. ಮೊದಲು ಬರೀ ಕಸ ಕಾಣುತ್ತದೆ. ಆಮೇಲೆ ಕಸವೇ ಓಡಾಡಲು ಶುರು ಮಾಡುತ್ತದೆ!

ಚಪ್ಪಟೆ ಮೈ, ಹಿಂದೆ ಕೂದಲಿನಂಥ ಮೂರು ಬಾಲ, ಹೊಟ್ಟೆಯ ಎರಡೂ ಪಕ್ಕ ಬೀಸಣಿಗೆಯ ಹಾಗೆ ಅಲುಗುವ ಕಿವಿರು. ಅದು ಮೇಫ್ಲೈ ಮರಿ. ಎರಡೇ ಬಾಲ, ಗಟ್ಟಿ ಕಾಲು ಇದ್ದರೆ ಸ್ಟೋನ್‌ಫ್ಲೈ. ಮರಳಿನ ಕಾಳು, ಎಲೆಚೂರು ಅಂಟಿಸಿ ಕಟ್ಟಿದ ಸಣ್ಣ ಕೊಳವೆಯೊಳಗಿಂದ ಒಂದು ತಲೆ ಇಣುಕಿದರೆ ಕ್ಯಾಡಿಸ್. ಆ ಕೊಳವೆಯನ್ನು ಒಮ್ಮೆ ಅಂಗೈ ಮೇಲಿಟ್ಟು ಮಗಳಿಗೆ ತೋರಿಸಿ. ಒಂದೊಂದು ಕಾಳನ್ನೂ ಆರಿಸಿ ಜೋಡಿಸಿದ ಕೆಲಸ ಅದು, ನಮ್ಮ ಕೈಲಿ ಆಗದು. ಈ ಮೂರೂ ಸಿಕ್ಕಿದರೆ ಹಳ್ಳ ಚೆನ್ನಾಗಿದೆ ಅಂತ ಧೈರ್ಯವಾಗಿ ಹೇಳಬಹುದು. ಬರೀ ಕೆಂಪು ದಾರದಂಥ ಹುಳ, ಜಿಗಣೆ ಸಿಕ್ಕಿದರೆ ಏನೋ ಕೆಟ್ಟಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇಂಥ ಹುಳಗಳ ಕುಟುಂಬಗಳಿಗೆ 1ರಿಂದ 10 ಅಂಕ ಕೊಟ್ಟು ನೀರನ್ನು ಅಳೆಯುವ ಪದ್ಧತಿ ಇಟ್ಟುಕೊಂಡಿದೆ. ಹಾಗಾಗಿ ಇದನ್ನು ಮಕ್ಕಳಾಟ ಅಂದುಕೊಳ್ಳಬೇಡಿ.

ಒಂದೇ ಜಾಗ ನೋಡಿ ತೀರ್ಮಾನಕ್ಕೆ ಬರಬೇಡಿ. ಬ್ಯಾರಲ್ ತೊಳೆಯುವ ಜಾಗಕ್ಕಿಂತ ಮೇಲೆ ಒಂದು ಕಡೆ, ಅದಕ್ಕೂ ಮೋರಿಗೂ ನಡುವೆ ಒಂದು ಕಡೆ, ಮೋರಿ ಕೆಳಗೆ ಒಂದು ಕಡೆ ನೋಡಿ. ಎಲ್ಲಿ ವ್ಯತ್ಯಾಸ ಶುರುವಾಗುತ್ತದೋ ಅಲ್ಲೇ ನಿಮ್ಮ ಉತ್ತರ. ಕಲ್ಲು ಎತ್ತುವಾಗ ಸಡಿಲವಾಗಿ ಬಂತೋ, ಮಣ್ಣಲ್ಲಿ ಹೂತಿತ್ತೋ ಅದನ್ನೂ ಬರೆದುಕೊಳ್ಳಿ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ, ದಯವಿಟ್ಟು.

ಪ್ರಶ್ನೆ ಕೇಳಿದವರು

ಮೇಷ್ಟ್ರೇ, ಭಾನುವಾರ ಮೂರೂ ಕಡೆ ನೋಡಿದೆವು. ಎಲ್ಲಕ್ಕಿಂತ ಮೇಲೆ, ಕಾಡಿನ ನೆರಳಲ್ಲಿ, ನೀವು ಹೇಳಿದ ಮೂರೂ ಸಿಕ್ಕಿದವು. ಒಂದು ಪುಟ್ಟ ಏಡಿಯೂ ಸಿಕ್ಕಿತು. ಬ್ಯಾರಲ್ ಜಾಗದ ಕೆಳಗೆ ಸ್ಟೋನ್‌ಫ್ಲೈ ಇಲ್ಲ, ಬಸವನಹುಳ ಒಂದೂ ಇಲ್ಲ. ಆದರೆ ಮೂರು ಬಾಲದವು ಇದ್ದವು, ನಾಲ್ಕೈದು ಮೀನೂ ಕಂಡವು. ಮೋರಿ ಕೆಳಗೆ ಮಾತ್ರ ಕಲ್ಲು ಎತ್ತುವುದಕ್ಕೇ ಆಗಲಿಲ್ಲ. ಕೆಂಪು ಮಣ್ಣಲ್ಲಿ ಕಚ್ಚಿ ಕೂತಿವೆ. ಬೇಸಿನ್‌ನಲ್ಲಿ ಬರೀ ಕೆಂಪು ಹುಳ.

ಉತ್ತರ (ಕೊಪ್ಪದ ಮೇಷ್ಟ್ರು)

ತುಂಬ ಚೆನ್ನಾಗಿ ನೋಡಿದ್ದೀರಿ. ಎರಡು ಪೆಟ್ಟು ಬಿದ್ದಿದೆ, ದೊಡ್ಡದು ಮಣ್ಣಿನದು. ಕಲ್ಲಿನ ಸಂದಿಗಳೇ ಹುಳಗಳ ಮನೆ, ಸಣ್ಣ ಮೀನು ಮೊಟ್ಟೆ ಇಡುವುದೂ ಅಂಥ ಕಡೆಯೇ. ಅವು ಮುಚ್ಚಿಹೋಗಿವೆ. ಮೋರಿ ಕಟ್ಟುವಾಗ ತೆಗೆದ ಮಣ್ಣು ದಡದಲ್ಲೇ ರಾಶಿ ಬಿದ್ದಿರಬೇಕು, ನೋಡಿ. ಬಸವನಹುಳ ಇಲ್ಲ ಅಂದಿರಲ್ಲ, ನನ್ನ ಅನುಮಾನ ಬೋರ್ಡೋದ ಮೈಲುತುತ್ತದಲ್ಲಿರುವ ತಾಮ್ರದ ಮೇಲೆ. ಅವುಗಳಿಗೆ ಅದು ಬೇಗ ತಾಗುತ್ತದೆ. ಬ್ಯಾರಲ್ ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ಹೊಸ ಸುಣ್ಣದ ನೀರಿಗೆ ಬಳಸಿ ಮತ್ತೆ ಅಡಿಕೆಗೇ ಹೊಡೆಯಬಹುದು ಅಂತ ಆ ತೋಟದವರಿಗೆ ಹೇಳಿ. ಜಗಳ ಬೇಡ, ಬೇಸಿನ್ ತಗೊಂಡು ಹೋಗಿ ತೋರಿಸಿ.

ಪ್ರಶ್ನೆ ಕೇಳಿದವರು

ರಾಶಿ ಇದೆ ಮೇಷ್ಟ್ರೇ, ಮೋರಿಯ ಎಡಕ್ಕೆ. ಅದರ ಮೇಲೆ ಹುಲ್ಲು ಬೆಳೆದಿದ್ದರಿಂದ ನಾವು ಗಮನಿಸಿರಲೇ ಇಲ್ಲ. ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ. ಮಣ್ಣು ತೆಗೆದರೆ ಹುಳ ವಾಪಸ್ ಬರುತ್ತವಾ?

ಉತ್ತರ (ಕೊಪ್ಪದ ಮೇಷ್ಟ್ರು)

ಬರುತ್ತವೆ. ಮೇಲಿನ ಹುಳಗಳು ಹರಿವಿನ ಜೊತೆ ರಾತ್ರಿ ಹೊತ್ತು ಕೆಳಗೆ ತೇಲಿಬರುತ್ತಲೇ ಇರುತ್ತವೆ. ನಿಲ್ಲಲು ಜಾಗ ಸಿಕ್ಕಿದರೆ ನಿಲ್ಲುತ್ತವೆ. ಜೂನ್ ಮಳೆ ಹಿಡಿಯುವ ಮೊದಲು ರಾಶಿ ತೆಗೆಸಿ, ಬರಿದಾದ ದಡಕ್ಕೆ ವಾಟೆ, ಲಾವಂಚ ನೆಡಿ, ಸ್ವಲ್ಪ ಹಿಂದಕ್ಕೆ ಹೊಳೆಮತ್ತಿ. ಹಳ್ಳಕ್ಕೆ ಬಿದ್ದ ಎಲೆ ಬಾಚಬೇಡಿ, ಅದು ಹುಳಗಳ ಊಟ. ಮುಂದಿನ ದೀಪಾವಳಿ ಆದಮೇಲೆ ಇದೇ ಮೂರು ಜಾಗ ನೋಡಿ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.