ಭಾಮಿನಿ ಷಟ್ಪದಿ: ಮಾತ್ರೆ 14 ಸರಿಯಿದ್ದರೂ ಸಾಲು ಎಡವುವುದು ಯಾಕೆ?

ಉಡುಪಿ_ಹೊಸಗ
ತಾಳಮದ್ದಳೆಗೆಂದು (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಒಂದು ಭಾಮಿನಿ, ಅಂದರೆ ಆರು ಸಾಲಿನ ಭಾಮಿನಿ ಷಟ್ಪದಿ, ಬರೆಯುತ್ತಿದ್ದೇನೆ. ಮೊದಲ ಎರಡು ಸಾಲು ಹೀಗಿವೆ:

ಮಳೆಗಾಲ ಬರೆ ಮಲ್ಪೆ ತೀರದಿ
ತಾಳ ಮದ್ದಳೆ ದನಿಯ ಕೇಳುತ

ಎರಡೂ ಸಾಲಿಗೆ ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು) ಹಾಕಿ ಕೂಡಿಸಿದೆ, 14 ಮಾತ್ರೆ ಬಂತು. ಆದರೂ ಮೊದಲ ಸಾಲು ಹಾಡುವಾಗ ಎಡವುತ್ತದೆ. ಎರಡನೆಯದರಲ್ಲಿ ಪ್ರಾಸ ತಪ್ಪಿದೆ ಎಂದು ಒಬ್ಬರು ಹೇಳಿದರು. ಎರಡೂ ಕಡೆ ಎರಡನೇ ಅಕ್ಷರ ಳಕಾರವೇ ಅಲ್ವಾ?

ಮದ್ದಳೆಪೆಟ್ಟು
ಮೊತ್ತ ಕೂಡಿಸಿ ನಿಲ್ಲಿಸಬೇಡಿ ಮಾರಾಯ್ರೆ, ಗಣ (ಮಾತ್ರೆಗಳ ಗುಂಪು) ಕತ್ತರಿಸಿ ನೋಡಬೇಕು. ಭಾಮಿನಿಯ 1, 2, 4, 5ನೇ ಸಾಲುಗಳು 3+4+3+4. 3 ಮತ್ತು 6ನೆಯವು 3+4+3+4+3+4, ಮೇಲೆ ಒಂದು ಗುರು. ನಿಮ್ಮ ಮೊದಲ ಸಾಲು:

ಮ1 ಳೆ1 ಗಾ2 ಲ1 ಬ1 ರೆ1 ಮ2 ಲ್ಪೆ1 ತೀ2 ರ1 ದಿ1

ಮೂರನೇ ಮಾತ್ರೆಗೆ ಗಣ ಮುಗಿಯಬೇಕು, ಅಲ್ಲಿ 'ಗಾ' ಅಡ್ಡ ಕೂತಿದೆ. ಅದರ ಅರ್ಧ ಈ ಗಣಕ್ಕೆ, ಅರ್ಧ ಮುಂದಿನದಕ್ಕೆ. ಗುರುವನ್ನು ಹಾಗೆ ಸೀಳಲು ಬರುವುದಿಲ್ಲ, ಎಡವುವುದು ಅಲ್ಲಿಯೇ. 'ಮಳೆಯ ದಿನದಲಿ ಮಲ್ಪೆ ತೀರದಿ' ಎಂದು ಮಾಡಿ: ಮಳೆಯ 3, ದಿನದಲಿ 4, ಮಲ್ಪೆ 3, ತೀರದಿ 4. 'ತಕಿಟ ತಕದಿಮಿ' ಎಂದು ಕೈಯಲ್ಲಿ ತಟ್ಟುತ್ತಾ ಓದಿದರೆ ಪೆನ್ನು ಹಿಡಿಯುವ ಮೊದಲೇ ತಪ್ಪು ಗೊತ್ತಾಗುತ್ತದೆ.

ಮಲ್ಪೆಯಲ್ಲಿ ಗುರು 'ಮ' ಎಂದು ಸರಿಯಾಗಿಯೇ ಹಾಕಿದ್ದೀರಿ. ಹೆಚ್ಚಿನವರು ಒತ್ತಕ್ಷರಕ್ಕೇ ಗುರು ಹಾಕಿಬಿಡುತ್ತಾರೆ. ಒತ್ತು ಗುರು ಮಾಡುವುದು ತನ್ನ ಹಿಂದಿನ ಅಕ್ಷರವನ್ನು. ಅರ್ಕಾವೊತ್ತು ಇದ್ದಲ್ಲಿ ಇನ್ನೂ ಜಾಗ್ರತೆ ಬೇಕು: 'ಧರ್ಮ' ಬರೆಯುವಾಗ ರಕಾರದ ಗುರುತು ಮಕಾರದ ಆಚೆ ಬೀಳುತ್ತದೆ, ಉಚ್ಚಾರದಲ್ಲಿ ಅದು ಮಕಾರಕ್ಕಿಂತ ಮುಂಚೆ. ಹಾಗಾಗಿ 'ಧ' ಗುರು, 'ರ್ಮ' ಲಘು. ಸೊನ್ನೆ, ವಿಸರ್ಗ, ಐ, ಔ ಇದ್ದ ಅಕ್ಷರವೂ ಗುರುವೇ. ಯಮಾತಾರಾಜಭಾನಸಲಗಂ ಎಂಬ ಸೂತ್ರ ಇಲ್ಲಿ ಬೇಡ, ಅದು ಮೂರು ಮೂರು ಅಕ್ಷರಕ್ಕೆ ಗಣ ಕತ್ತರಿಸುವ ವೃತ್ತಗಳಿಗೆ.

ಕುಂಬ್ಳೆದಾರಿ
ಪ್ರಾಸದ ಬಗ್ಗೆ: ಎರಡನೇ ಅಕ್ಷರದ ವ್ಯಂಜನ ಒಂದೇ ಆದರೆ ಸಾಲದು, ಅದರ ಹಿಂದಿನ ಅಕ್ಷರದ ತೂಕವೂ ಒಂದೇ ಇರಬೇಕು. 'ಮಳೆ'ಯಲ್ಲಿ ಮೊದಲಕ್ಷರ ಹ್ರಸ್ವ, ಅದು ಸಿಂಹಪ್ರಾಸ. 'ತಾಳ'ದಲ್ಲಿ ದೀರ್ಘ, ಅದು ಗಜಪ್ರಾಸ. ಸಿಂಹ ಗಜ ಒಂದೇ ಪದ್ಯದಲ್ಲಿ ಬೆರೆಯಬಾರದು. ಬಿಂದು (ಸೊನ್ನೆ) ಇದ್ದರೆ ವೃಷಭ, ವಿಸರ್ಗಕ್ಕೆ ಅಜ, ಸಜಾತಿ ಒತ್ತಿಗೆ ಹಯ, ವಿಜಾತಿ ಒತ್ತಿಗೆ ಶರಭ. ಮೊದಲ ಸಾಲಲ್ಲಿ ಹಿಡಿದದ್ದನ್ನು ಆರನೆಯ ಸಾಲಿನವರೆಗೂ ಬಿಡಬಾರದು. ಸ್ವರ ಮಾತ್ರ ಬದಲಾಗಬಹುದು: ಳೆ, ಳಿ, ಳ ಯಾವುದೂ ಆದೀತು. 'ಬಳಿಯ ಮದ್ದಳೆ ದನಿಯ ಕೇಳುತ' ಅಂದರೆ ಸರಿಹೋಯಿತು.

ಸುಲಭ ದಾರಿ ಅಂದರೆ ಮೊದಲ ಸಾಲು ಬರೆಯುವ ಮುಂಚೆಯೇ ಆ ಪ್ರಾಸಕ್ಕೆ ಹತ್ತು ಹನ್ನೆರಡು ಶಬ್ದ ಪಟ್ಟಿಮಾಡಿಕೊಳ್ಳುವುದು. ಳಕಾರಕ್ಕೆ ಬೆಳಗು, ಗೆಳೆಯ, ಉಳಿದ, ಹೊಳೆವ, ಎಳಸು ಹೀಗೆ ಧಾರಾಳ ಉಂಟು. ಠಕಾರ ಹಿಡಿದರೆ ನಾಲ್ಕನೇ ಸಾಲಿಗೆ ಶಬ್ದವೇ ಸಿಗದೆ ಅರ್ಥ ಕೆಡುತ್ತದೆ.

ತೆಂಕುತಿಟ್ಟು_ಓದುಗ
ಆದಿಪ್ರಾಸ (ಮೇಲೆ ಹೇಳಿದ ಎರಡನೇ ಅಕ್ಷರದ ಪ್ರಾಸ) ಇಲ್ಲದೆ ಪದ್ಯವೇ ಅಲ್ಲ ಎಂದು ಯಾರೂ ತಿಳಿಯಬಾರದು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಅದನ್ನು ಬಿಟ್ಟು ಬರೆದರು. ಆದರೆ ಅದು ಹೊಸಗನ್ನಡ ಕವಿತೆಯ ಮಾತು. ಯಕ್ಷಗಾನ ಪ್ರಸಂಗದ ಭಾಮಿನಿಯಲ್ಲಿ ಪ್ರಾಸ ತಪ್ಪಿದರೆ ಕೇಳುವವರ ಕಿವಿಗೆ ತಟ್ಟನೆ ಗೊತ್ತಾಗುತ್ತದೆ, ಅಲ್ಲಿ ಬಿಡಬೇಡಿ.

ಉಡುಪಿ_ಹೊಸಗ
ತುಂಬಾ ಉಪಕಾರ ಆಯ್ತು. ಮೂರನೇ ಸಾಲು ಹೀಗೆ ಬರೆದೆ: 'ಬಳಲಿ ಕುಳಿತರು ದಡದ ಮರಳಲಿ ಬಲೆಯ ಹೊತ್ತವರು'. ಕೊನೆಯ 'ರು' ಲಘು, ಒಟ್ಟು 22 ಆಗುತ್ತದೆ. ಒಂದು ಮಾತ್ರೆ ಕಡಿಮೆಯಲ್ವಾ?

ಮದ್ದಳೆಪೆಟ್ಟು
ಕಡಿಮೆಯಿಲ್ಲ. 3 ಮತ್ತು 6ನೇ ಸಾಲಿನ ಕೊನೆಯಲ್ಲಿ ನಿಲುಗಡೆ ಉಂಟು, ದನಿ ಎಳೆಯಲು ಜಾಗ ಸಿಗುತ್ತದೆ. ಹಾಗಾಗಿ ಅಲ್ಲಿಯ ಲಘುವನ್ನು ಗುರು ಎಂದೇ ಎಣಿಸುವುದು, 23 ಆಯಿತು. 1, 2, 4, 5ರಲ್ಲಿ ಈ ರಿಯಾಯಿತಿ ಇಲ್ಲ. ಆ ಸಾಲುಗಳು ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತವೆ, ಒಂದೇ ಶಬ್ದ ಎರಡು ಸಾಲಿಗೆ ಹಂಚಿಹೋಗುವುದೂ ಉಂಟು. ಅಲ್ಲಿ ಎಳೆದರೆ ಓಟ ಮುರಿಯುತ್ತದೆ. ಇನ್ನು ಉಳಿದ ಮೂರು ಸಾಲು ಹಾಕಿ, ನೋಡುವ.