ಪದಚರ್ಚೆ: ಅಡ್ಹೆರೆಂಟ್‌ಗೆ ‘ನಡೆದುಕೊಳ್ಳುವವರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಒಹಾಯೊ ರಾಜ್ಯದ ಹೋಮ್ಸ್ ಕೌಂಟಿಯ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಅಲ್ಲಿ ಯಾವ ಚರ್ಚಿನವರು ಹೆಚ್ಚಾದರು, ಯಾರು ಕಡಿಮೆಯಾದರು, ಯಾರು ಎಲ್ಲಿಂದ ಎಲ್ಲಿಗೆ ಹೋದರು ಅನ್ನುವುದು ವಿಷಯ. ನಾಲ್ಕು ಪದ ನನ್ನನ್ನು ಕಾಡುತ್ತಿವೆ: ಕಾಂಗ್ರಿಗೇಷನ್ (ಆರಾಧನೆಗೆ ಒಟ್ಟಿಗೆ ಸೇರುವ ಗುಂಪು), ಮೆಂಬರ್, ಅಡ್ಹೆರೆಂಟ್, ಅಫಿಲಿಯೇಷನ್ (ಯಾವ ಗುಂಪಿಗೆ ಸೇರಿದವರು ಅನ್ನುವುದು). ಕೌಂಟಿಯನ್ನು ಕೌಂಟಿ ಅಂತಲೇ ಉಳಿಸಿಕೊಂಡಿದ್ದೇನೆ. ಜಿಲ್ಲೆ ಅಂದರೆ ನಮಗೆ ಹತ್ತಿಪ್ಪತ್ತು ಲಕ್ಷ ಜನ ಕಣ್ಣಿಗೆ ಬರುತ್ತಾರೆ, ಹೋಮ್ಸ್‌ನಲ್ಲಿ 2020ರಲ್ಲಿ ಇದ್ದವರು ಸುಮಾರು 44 ಸಾವಿರ.

ಪದಕ್ಕೆ ಮುಂಚೆ ಲೆಕ್ಕದ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಜನಗಣತಿಯಲ್ಲಿ ಮನೆಗೆ ಬಂದವರು ‘ಯಾವ ಧರ್ಮ’ ಅಂತ ಕೇಳುತ್ತಾರೆ. ಅಮೆರಿಕದ ಗಣತಿಯಲ್ಲಿ ಆ ಪ್ರಶ್ನೆ ಇಲ್ಲ. ಧರ್ಮದ ಬಗ್ಗೆ ಉತ್ತರ ಕೊಡಲೇಬೇಕು ಅಂತ ಯಾರನ್ನೂ ಒತ್ತಾಯಿಸಬಾರದು ಅಂತ 1976ರಲ್ಲಿ ಕಾನೂನೇ ಆಗಿದೆ. ಹಾಗಾಗಿ ಹತ್ತು ವರ್ಷಕ್ಕೊಮ್ಮೆ ಒಂದು ಖಾಸಗಿ ಸಂಘ ಪ್ರತಿ ಪಂಥದ ಹತ್ತಿರವೂ ‘ನಿಮ್ಮವರು ಎಷ್ಟು’ ಅಂತ ಕೇಳಿ, ಕೌಂಟಿವಾರು ಪಟ್ಟಿ ಮಾಡುತ್ತದೆ. ಅಂದರೆ ಇದು ಜನ ತಮ್ಮ ಬಗ್ಗೆ ಹೇಳಿಕೊಂಡ ಲೆಕ್ಕ ಅಲ್ಲ. ಪಂಥಗಳು ತಮ್ಮ ಪುಸ್ತಕ ನೋಡಿ ಕೊಟ್ಟ ಲೆಕ್ಕ. ಆ ಪಟ್ಟಿಯಲ್ಲಿ ಮೆಂಬರ್ ಬೇರೆ, ಅಡ್ಹೆರೆಂಟ್ ಬೇರೆ. ಮೆಂಬರುಗಳು, ಅವರ ಮಕ್ಕಳು, ಜೊತೆಗೆ ತಪ್ಪದೆ ಬಂದು ಹೋಗುವ ಇತರರು, ಇಷ್ಟೂ ಜನ ಸೇರಿ ಅಡ್ಹೆರೆಂಟ್.

ಹೋಮ್ಸ್‌ನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಅಲ್ಲಿನ ಜನರಲ್ಲಿ ಹತ್ತಿರ ಹತ್ತಿರ ಅರ್ಧ ಆಮಿಶ್ ಅನ್ನುವ ಕ್ರೈಸ್ತ ಪಂಥದವರು. ಕುದುರೆ ಗಾಡಿಯಲ್ಲಿ ಓಡಾಡುವವರು, ಫೋಟೋಗಳಲ್ಲಿ ನೋಡಿರುತ್ತೀರಿ. ಅವರಲ್ಲಿ ಮಗುವಿಗೆ ದೀಕ್ಷಾಸ್ನಾನ ಇಲ್ಲ. ಹುಡುಗ ಹುಡುಗಿ ದೊಡ್ಡವರಾಗಿ, ಸಾಮಾನ್ಯವಾಗಿ 18 ದಾಟಿದ ಮೇಲೆ, ತಾವೇ ಒಪ್ಪಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಅವರು ಮೆಂಬರ್ ಅಲ್ಲ. ಮನೆ ತುಂಬ ಮಕ್ಕಳಿರುವ ಜನ ಅವರು. 30 ಮನೆಯ ಒಂದು ಸಭೆ ಅಂತಿಟ್ಟುಕೊಳ್ಳಿ: ಮೆಂಬರುಗಳು 70 ಇದ್ದರೆ, ಬೆಂಚಿನ ಮೇಲೆ ಕೂತವರು ಅದರ ಎರಡರಷ್ಟು. ಎರಡಕ್ಕೂ ‘ಸದಸ್ಯರು’ ಅಂತ ಬರೆದರೆ ಲೆಕ್ಕವೇ ಸುಳ್ಳಾಗುತ್ತದೆ, ಅಲ್ವಾ?

ಇಲ್ಲಿ ನನಗೆ ಅಜ್ಜಿಯ ಮಾತು ನೆನಪಾಯಿತು. ನಮ್ಮದು ಚಾಮರಾಜನಗರದ ಕಡೆ. ಯಾರಾದರೂ ಮನೆದೇವರು ಕೇಳಿದರೆ ಅಜ್ಜಿ ‘ನಾವು ಮಾದಪ್ಪನ ಒಕ್ಲು ಕಣ್ಮಗ’ ಅನ್ನುತ್ತಿದ್ದರು. ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪು ಅಕ್ಕಿ ಡಬ್ಬದ ಹಿಂದೆ ಇರುತ್ತಿತ್ತು. ಮದುವೆಯಾಗಿ ಹೋದ ನಮ್ಮ ಅತ್ತೆಯ ಮಾತು ಬಂದರೆ, ‘ಅವರ ಮನೆಯವರು ನಂಜುಂಡೇಶ್ವರನಿಗೆ ನಡ್ಕೊಳ್ಳೋರು’ ಅನ್ನುತ್ತಿದ್ದರು. ಒಕ್ಕಲು, ನಡೆದುಕೊಳ್ಳುವವರು. ಎರಡೂ ಅಪ್ಪಟ ಬಳಕೆಯ ಮಾತು.

ಒಕ್ಕಲು ನನಗೆ ತುಂಬ ಇಷ್ಟದ ಪದ. ಆದರೆ ಅದು ಮನೆಯನ್ನು ಎಣಿಸುತ್ತದೆ, ಆಳನ್ನಲ್ಲ. ಹುಟ್ಟಿನಿಂದ ಬರುತ್ತದೆ. ಗೇಣಿಯ ನೆನಪು, ಜಾತಿಯ ನೆನಪು ಎರಡೂ ಅದಕ್ಕೆ ಅಂಟಿಕೊಂಡಿವೆ. ‘ನಡೆದುಕೊಳ್ಳುವವರು’ ಅಂದರೆ ಮಕ್ಕಳು ಮರಿ ಎಲ್ಲ ಸೇರುತ್ತಾರೆ, ದೀಕ್ಷೆ ಆಗಿರಲೇಬೇಕು ಅಂತಿಲ್ಲ. ಅಡ್ಹೆರೆಂಟ್‌ಗೆ ಇದಕ್ಕಿಂತ ಹತ್ತಿರದ ಮಾತು ನನಗೆ ಹೊಳೆದಿಲ್ಲ. ‘ಅನುಯಾಯಿ’ ಅಂದರೆ ಒಬ್ಬ ಗುರುವಿನ ಹಿಂದೆ ಹೊರಟವನ ಹಾಗೆ ಕೇಳುತ್ತದೆ. ಮೆಂಬರ್‌ಗೆ ‘ದೀಕ್ಷೆ ಆದವರು’ ಅಂತ ಬರೆದಿದ್ದೇನೆ, ಆಮಿಶರ ಮಟ್ಟಿಗೆ ಸರಿಹೋಗುತ್ತದೆ.

ಇನ್ನು ಕಾಂಗ್ರಿಗೇಷನ್. ‘ಚರ್ಚ್’ ಅನ್ನುವಂತಿಲ್ಲ, ಯಾಕೆಂದರೆ ಹಳೆಯ ಕಟ್ಟಳೆಯ (ಓಲ್ಡ್ ಆರ್ಡರ್) ಆಮಿಶರಿಗೆ ಚರ್ಚಿನ ಕಟ್ಟಡವೇ ಇಲ್ಲ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲೋ ಕೊಟ್ಟಿಗೆಯಲ್ಲೋ ಸೇರುತ್ತಾರೆ. ಕೂರುವ ಬೆಂಚುಗಳನ್ನೂ ಹಾಡಿನ ಪುಸ್ತಕಗಳನ್ನೂ ಒಂದು ಮುಚ್ಚಿದ ಗಾಡಿಯಲ್ಲಿ ತುಂಬಿ ಮನೆಯಿಂದ ಮನೆಗೆ ಸಾಗಿಸುತ್ತಾರೆ. ಮನೆಯಲ್ಲಿ ಜಾಗ ಸಾಲದಷ್ಟು ಜನ ಆದರೆ ಗುಂಪು ಎರಡಾಗುತ್ತದೆ. ಹೀಗಾಗಿ ಅಲ್ಲಿ ಕಾಂಗ್ರಿಗೇಷನ್ನುಗಳ ಸಂಖ್ಯೆ ಏರಿತು ಅಂದರೆ ಜಗಳವಾಗಿ ಒಡೆಯಿತು ಅಂತಲೇ ಅರ್ಥವಲ್ಲ. ಎಷ್ಟೋ ಸಲ ಬೆಂಚು ಸಾಲದೆ ಬೇರೆಯಾದದ್ದು.

ನಮ್ಮ ಪ್ರಾಟೆಸ್ಟೆಂಟ್ ಕ್ರೈಸ್ತರು ಹಿಂದಿನಿಂದಲೂ ‘ಸಭೆ’ ಅನ್ನುತ್ತಾರೆ, ಪಾಸ್ಟರನ್ನು ‘ಸಭಾಪಾಲಕರು’ ಅನ್ನುತ್ತಾರೆ. ನನ್ನ ಓಟು ಸಭೆಗೇ. ಆಮಿಶರು ಮನೆಯಲ್ಲಿ ಆಡುವ ಜರ್ಮನ್ ಮೂಲದ ಭಾಷೆಯಲ್ಲಿ ‘ಗ್ಮೇ’ ಅನ್ನುವ ಪದ ಇದೆ. ಸೇರಿದ ಜನಕ್ಕೂ ಗ್ಮೇ, ಭಾನುವಾರದ ಆರಾಧನೆಗೂ ಗ್ಮೇ. ನಮ್ಮ ಸಭೆಯೂ ಹಾಗೇ, ಕೂಡುವುದೂ ಸಭೆ, ಕೂಡಿದವರೂ ಸಭೆ. ಒಂದೇ ಅಳುಕು: ‘ಸಭೆ ಎರಡಾಯಿತು’ ಅಂದರೆ ಗ್ರಾಮಸಭೆಯಲ್ಲಿ ಗಲಾಟೆ ಆಯಿತು ಅಂದುಕೊಳ್ಳುವವರು ಇರಬಹುದು. ಕರಾವಳಿಯಲ್ಲಿ ‘ಕೂಡುಕಟ್ಟು’ ಅನ್ನುವುದನ್ನು ಕೇಳಿದ್ದೇನೆ. ಆ ಕಡೆಯವರು ಅದರ ಬಳಕೆಯನ್ನು ಸ್ವಲ್ಪ ಬಿಡಿಸಿ ಹೇಳಿ.

ಕೊನೆಯದು, ನನಗೆ ನಿಜವಾಗಿ ತೊಡಕಾಗಿರುವುದು, ಅಫಿಲಿಯೇಷನ್ ಬದಲಾಗುವುದು. ಕೈ ಸುಮ್ನೆ ‘ಮತಾಂತರ’ ಅಂತ ಬರೆದುಬಿಡುತ್ತದೆ. ದಯವಿಟ್ಟು ಅದು ಬೇಡ. ಹೋಮ್ಸ್‌ನಲ್ಲಿ ಆಮಿಶರಲ್ಲೇ ಹಲವು ಕವಲು ಇವೆ: ಹಳೆಯ ಕಟ್ಟಳೆಯವರು, 1960ರ ದಶಕದಲ್ಲಿ ಬೇರೆಯಾದ ಹೊಸ ಕಟ್ಟಳೆಯವರು, ಎಲ್ಲರಿಗಿಂತ ಬಿಗಿಯಾದ ಸ್ವಾರ್ಟ್ಸೆಂಟ್ರೂಬರ್‌ನವರು. ಒಂದು ಮನೆ ಹಳೆಯದರಿಂದ ಹೊಸದಕ್ಕೆ ಹೋದರೆ, ಅಲ್ಲಿಂದ ಆಮಿಶರಿಗೆ ಹತ್ತಿರದ ಇನ್ನೊಂದು ಕ್ರೈಸ್ತ ಪಂಥವಾದ ಮೆನೊನೈಟರ ಸಭೆಗೆ ಹೋದರೆ, ಅದು ಮತ ಬಿಟ್ಟಂತೆ ಅಲ್ಲ. ಇನ್ನೂ ದೀಕ್ಷೆ ಆಗದ ಹುಡುಗ ಬಿಟ್ಟು ಹೋದರೆ ಅವನಿಗೆ ಬಹಿಷ್ಕಾರ ಕೂಡ ಇಲ್ಲ. ಮತಾಂತರ ಅನ್ನುವ ಪದಕ್ಕೆ ನಮ್ಮಲ್ಲಿ 2022ರ ಕಾಯ್ದೆಯ ಬಿಸಿಯೂ ಹತ್ತಿಕೊಂಡಿದೆ. ನಮ್ಮ ಅತ್ತೆ ಗಂಡನ ಮನೆಯ ದೇವರಿಗೆ ನಡೆದುಕೊಂಡದ್ದನ್ನು ಯಾರೂ ಮತಾಂತರ ಅನ್ನಲಿಲ್ಲ.

ಹಾಗೆಯೇ ಪಟ್ಟಿಯಲ್ಲಿ ಯಾವ ಸಭೆಯೂ ‘ನಮ್ಮವರು’ ಅಂತ ಹೇಳದೆ ಉಳಿದ ಜನರಿದ್ದಾರೆ. ಅವರನ್ನು ‘ನಾಸ್ತಿಕರು’ ಅಂತ ಬರೆಯುವುದು ತಪ್ಪು. ಅವರು ಯಾವ ಪುಸ್ತಕದಲ್ಲೂ ಇಲ್ಲ, ಅಷ್ಟೇ. ‘ಯಾವ ಸಭೆಯ ಲೆಕ್ಕಕ್ಕೂ ಸೇರದವರು’ ಅಂತ ಉದ್ದಕ್ಕೇ ಬರೆದಿದ್ದೇನೆ.

ಕನ್ನಡದಲ್ಲಿ ಅಫಿಲಿಯೇಷನ್ ಅನ್ನುವುದು ‘ಗೆ’ ಪ್ರತ್ಯಯದಲ್ಲೇ ಕೂತಿದೆ ಅನ್ನಿಸುತ್ತದೆ. ‘ಮೊದಲು ಇದಕ್ಕೆ ನಡೆದುಕೊಳ್ಳುತ್ತಿದ್ದರು, ಈಗ ಅದಕ್ಕೆ.’ ವಾಕ್ಯದಲ್ಲಿ ಇದು ಚೆನ್ನಾಗಿ ಕೂರುತ್ತದೆ, ಆದರೆ ಕಾಲಂನ ತಲೆಬರಹಕ್ಕೆ ನಾಮಪದ ಬೇಕು. ‘ನಡಾವಳಿ’ ಅಂದರೆ ಮೀಟಿಂಗಿನ ವರದಿಯಾಗುತ್ತದೆ. ಸದ್ಯ ಸಭೆ, ದೀಕ್ಷೆ ಆದವರು, ನಡೆದುಕೊಳ್ಳುವವರು ಅಂತ ಮೂರು ಕಾಲಂ ಬರೆದಿದ್ದೇನೆ. ನಾಲ್ಕನೆಯದರ ತಲೆ ಖಾಲಿ ಇದೆ. ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ?